ದೀಪದ ಕೋಣೆಯ ಲೆಕ್ಕ

ಹಟ್ಟಿ ಗಣಿಯ ದೀಪದ ಕೋಣೆಯಲ್ಲಿ ಇಪ್ಪತ್ತಾರು ವರ್ಷ
ನನ್ನದೊಂದೇ ಮಾತು:
ಬಿಲ್ಲೆ ಕೊಡು, ದೀಪ ಒಯ್ಯಿ.
ಪಾಳಿ ಮುಗೀತೋ, ದೀಪ ಕೊಡು, ಬಿಲ್ಲೆ ಒಯ್ಯಿ.
ಮೊಳೆಯಲ್ಲಿ ಒಂದು ಬಿಲ್ಲೆ ಉಳಿದರೂ
ನೆಲದ ಕೆಳಗೆ ಒಬ್ಬ ಉಳಿದಿದ್ದಾನೆ ಅಂತ ಲೆಕ್ಕ.
ಒಮ್ಮೆ ಮೌನುದ್ದೀನ ತಲೆಯ ಮೇಲಿನ ದೀಪ ಮರೆತು
ಹಾಗೇ ಮನೆಗೆ ಹೋಗಿ, ಉಂಡು, ಮಲಗಿಬಿಟ್ಟಿದ್ದ.
ಎರಡು ತಾಸು ಅವನನ್ನು ಪಾತಾಳದಲ್ಲಿ ಹುಡುಕಿದೆವು.

ಅಷ್ಟು ಕಟ್ಟುನಿಟ್ಟಿನವನು ನಾನು,
ಲಿಂಗಸುಗೂರಿನ ಪೆಟ್ರೋಲ್ ಬಂಕಿನಲ್ಲಿ
ಟೈ ಕಟ್ಟಿದ ಹುಡುಗನೊಬ್ಬನಿಗೆ ಸಹಿ ಹಾಕಿಕೊಟ್ಟೆ.
'ಪೂರಾ ಫ್ರೀ, ಅಂಕಲ್.'
ಬಿಸಿಲಿಗೆ ಅವನ ಟೈ ಕುತ್ತಿಗೆಗೆ ಅಂಟಿತ್ತು, ಪಾಪ ಅನಿಸಿತು.
ಫ್ರೀ ಅನ್ನುವುದು ಮೊದಲ ವರ್ಷದ ಹೆಸರು ಅಂತ
ಎರಡನೇ ವರ್ಷ ತಿಳಿಯಿತು.

ಕರ್ರಗಿನ ಕಾರ್ಡು, ಅಂಚಿಗೆ ಬಂಗಾರದ ಗೆರೆ.
ಬಂಗಾರದ ಊರಿನವನನ್ನೇ ಗೆರೆ ತೋರಿಸಿ ಮರುಳು ಮಾಡಿದರು!

ಮೊದಲು ಒಂದು ಕೂಲರ್.
ಆಮೇಲೆ ತಂಗಿಯ ಮಗಳ ಕುಬಸಕ್ಕೆ ಸೀರೆ.
ಆಮೇಲೊಂದು ರಾತ್ರಿ ಏಟಿಎಮ್ಮಿಗೆ ಅದೇ ಕಾರ್ಡು ತೂರಿಸಿ
ಐದು ಸಾವಿರ ನಗದು.
ಯಂತ್ರ ನೋಟು ಎಣಿಸುವ ಮೊದಲೇ
ಬಡ್ಡಿ ಎಣಿಸಲು ಕೂತಿತ್ತು.

ಬಿಲ್ಲಿನಲ್ಲಿ ದಪ್ಪ ಅಕ್ಷರ: ಕನಿಷ್ಠ ಪಾವತಿ, ಆರುನೂರ ನಲವತ್ತು.
ಎಷ್ಟು ಒಳ್ಳೆಯ ಜನ ಅಂದುಕೊಂಡೆ.
ಹನ್ನೆರಡು ಸಾವಿರಕ್ಕೆ ಆರುನೂರ ನಲವತ್ತು ಕಟ್ಟಿ
ಟವೆಲ್ಲು ಕೊಡವಿಕೊಂಡು ಎದ್ದೆ.
ದೀಪದ ಬದಲು ಬರೀ ಅದರ ವೈರು ತಂದು ಕೊಟ್ಟು
ಬಿಲ್ಲೆ ಕೇಳಿದರೆ ನಾನು ಕೊಡುತ್ತಿದ್ದೆನೆ?
ಬ್ಯಾಂಕೂ ಕೊಡಲಿಲ್ಲ.

ಏಳು ತಿಂಗಳು.

ನಮ್ಮಲ್ಲಿ ಬಂಡಿಗಟ್ಟಲೆ ಕಲ್ಲು ಒಡೆದರೆ
ಚಿಟಿಕೆಯಷ್ಟು ಬಂಗಾರ.
ನಾನು ಅದಕ್ಕಿಂತ ಹದವಾದ ಗಣಿ:
ಅಗೆಯಬೇಕಿಲ್ಲ, ಮದ್ದು ಸಿಡಿಸಬೇಕಿಲ್ಲ,
ನನ್ನನ್ನು ನಾನೇ ಒಡೆದು ತಂದು ಸುರಿಯುತ್ತೇನೆ.

ದುರುಗಮ್ಮನ ಕೈಗೆ ಬಿಲ್ಲು ಸಿಕ್ಕಿದ್ದು ಶುಕ್ರವಾರ.
ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು,
ಹನ್ನೊಂದು ಹೆಂಗಸರ ಚೀಟಿ ನಡೆಸುವವಳು.
ದಪ್ಪ ಅಕ್ಷರ ಬಿಟ್ಟು ಸಣ್ಣ ಅಕ್ಷರದಿಂದ ಓದತೊಡಗಿದಳು.
'ವಾರ್ಷಿಕ ಶುಲ್ಕ. ಇದೇನು, ಜೇಬಿನಾಗ ಕುಂತದ್ದಕ್ಕ ಬಾಡಿಗಿ?
ತಡಾ ಆದದ್ದಕ್ಕ ದಂಡ. ದಂಡಕ್ಕ ತೆರಿಗಿ.
ಈ ವಿಮಾ ಯಾರು ಕೇಳಿದ್ರು? ನೀ ಕೇಳಿದ್ಯಾ?
ನಮ್ಮ ಚೀಟ್ಯಾಗ ಹಿಂಗ ಮಾಡಿದ್ರ
ನನ್ನ ಹೆರಳು ಹಿಡಿದು ಜಗ್ತಿದ್ರು.'

ಫೋನು ಹಚ್ಚಿದಳು. ಕನ್ನಡಕ್ಕೆ ಐದು ಒತ್ತಿ ಅಂತು, ಒತ್ತಿದಳು.
ಹನ್ನೆರಡು ನಿಮಿಷ ಅವರ ಸಂಗೀತ ಕೇಳುತ್ತ
ಮೆಂತ್ಯೆ ಪಲ್ಯೆ ಸೋಸಿದಳು.
ಆ ಕಡೆಯ ಹುಡುಗಿಗೆ ಹೇಳಿದ್ದು ಇಷ್ಟೇ:
'ಶುಲ್ಕ ತೆಗಿಯವ್ವಾ, ಇಲ್ಲಂದ್ರ ಕಾರ್ಡು ಬಂದ್ ಮಾಡು.'
ಸ್ವಲ್ಪ ಹಿಡಿದುಕೊಳ್ಳಿ ಮೇಡಂ ಅಂದಳು.
ತೆಗೆದಳು.
ದಂಡವನ್ನೂ, ಇದೊಂದು ಸಲಕ್ಕೆ ಅಂತ, ತೆಗೆದಳು.
ವಿಮೆ ನಿಂತಿತು.
ಬಡ್ಡಿ ಮಾತ್ರ ಹಾಗೇ. ಬಡ್ಡಿಗೆ ಕಿವಿ ಇರುವುದಿಲ್ಲ.
ಕೇಳಿದರೆ ಬಿಡುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ.
ಇಪ್ಪತ್ತಾರು ವರ್ಷ ಕಿಟಕಿಯ ಈ ಕಡೆ ಕೂತವನಿಗೆ
ಆ ಕಡೆ ನಿಂತು ಕೇಳುವ ರೂಢಿ ಎಲ್ಲಿಂದ?

ಉಳಿದದ್ದನ್ನು ಅವಳ ಚೀಟಿ ಎತ್ತಿ ಒಂದೇ ಏಟಿಗೆ ಕಟ್ಟಿದೆವು.

ಈಗ ಕಾರ್ಡು ಕ್ಯಾಲೆಂಡರಿನ ಪಕ್ಕ ಮೊಳೆಗೆ ತೂಗುತ್ತದೆ,
ತೂತು ಅವಳೇ ದಬ್ಬಣದಲ್ಲಿ ಕೊರೆದದ್ದು, ಚಿಪ್ಪು ಬಿಟ್ಟು.
ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲೇ ಕೆಂಪು ಸುತ್ತು,
ಸಂಬಳದ ಖಾತೆಯಿಂದ ತಾನೇ ಹೋಗುತ್ತದೆ, ಪೂರ್ತಿ, ಪೈಸೆ ಸಮೇತ.
ಕಂತು ಮಾಡಿಕೊಡ್ತೀವಿ ಸರ್ ಅಂತ ಮಧ್ಯಾಹ್ನ ಯಾರೋ ಕರೆದರೆ
ಬ್ಯಾಡಪ್ಪ, ಪಾಳಿ ಮುಗೀತು ಅನ್ನುತ್ತೇನೆ.

ಆ ಚೀಟಿ ಹೊಲಿಗೆ ಯಂತ್ರಕ್ಕೆ ಅಂತ ಇತ್ತು.
ಅವಳು ಹೇಳಲಿಲ್ಲ. ನಾನೂ ತೆಗೆಯಲಿಲ್ಲ.
ಕಿಟಕಿಯ ಹತ್ತಿರ, ಬೆಳಕು ಚೆನ್ನಾಗಿ ಬೀಳುವಲ್ಲಿ,
ಅವಳು ಅಳೆದು ಬಿಟ್ಟ ಮೂರು ಅಡಿ ಜಾಗ.
ಕೂಲರನ್ನೂ ಅಲ್ಲಿ ಇಡಗೊಡುವುದಿಲ್ಲ.